ಪೇಟೆಯಲ್ಲಿ ಗ್ಯಾಸ್ ಇಳಿದರೂ ಬಿಲ್ ಏಕೆ ಇಳಿಯುವುದಿಲ್ಲ? ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಬಹಿರಂಗ ಪತ್ರ

ಡಿಸೆಂಬರ್ 2025

ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್, ಬರ್ಲಿನ್, ಹ್ಯಾಂಬರ್ಗ್ ಮತ್ತು ಸುತ್ತಲಿನ ಊರುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡ ಬಂಧುಗಳಿಗೆ,

ನಮಸ್ಕಾರ. ಗ್ಯಾಸ್ ಮತ್ತು ತೈಲದ ಖರೀದಿ, ದಾಸ್ತಾನು, ಮನೆಗಳ ಹೀಟಿಂಗ್, ಈ ಮೂರು ಕೆಲಸಗಳಲ್ಲಿ ತೊಡಗಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. 2025ರ ಡಿಸೆಂಬರಿನಲ್ಲಿ ಯೂರೋಪಿನ ಸಗಟು ಪೇಟೆಯಲ್ಲಿ ಗ್ಯಾಸಿನ ಬೆಲೆ ಮೆಗಾವಾಟ್ ಗಂಟೆಗೆ (ಅಂದರೆ 1,000 ಯುನಿಟ್ಟಿಗೆ) 30 ಯೂರೋಗಿಂತ ಕೆಳಗೆ ಬಂದಿತು. 2024ರ ವಸಂತದ ನಂತರ ಇಷ್ಟು ಇಳಿದದ್ದು ಇದೇ ಮೊದಲು. ಹಾಗಾಗಿ ಎರಡು ಪ್ರಶ್ನೆಗಳು ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತಿವೆ. ಹಳೆಯ ಬಾಯ್ಲರ್ ತೆಗೆದು ಹೊಸ ಗ್ಯಾಸ್ ಬಾಯ್ಲರನ್ನೇ ಹಾಕಿಸಿಬಿಡೋಣವೇ? ಎರಡು ವರ್ಷದ ಒಪ್ಪಂದಕ್ಕೆ ಈಗಲೇ ಸಹಿ ಹಾಕೋಣವೇ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ಎರಡು ಮೂರು ವರ್ಷ ಸಗಟು ಬೆಲೆ ಇನ್ನಷ್ಟು ಇಳಿಯುವ ಸಂಭವ ಹೆಚ್ಚು. ಆ ಇಳಿಕೆಯ ಬಹುಪಾಲು ನಿಮ್ಮ ಮನೆಯ ಬಿಲ್ಲಿಗೆ ತಲುಪುವುದಿಲ್ಲ. ಮೂರು ವರ್ಷದ ಅಗ್ಗವನ್ನು ನಂಬಿ ಇಪ್ಪತ್ತು ವರ್ಷ ಬಾಳುವ ಬಾಯ್ಲರ್ ಹಾಕಿಸಬೇಡಿ. ಏಕೆ ಎಂಬುದಕ್ಕೆ ಲೆಕ್ಕ ಕೊಡುತ್ತೇವೆ. ನಿಮ್ಮ ಬಿಲ್ ಕೈಯಲ್ಲಿ ಹಿಡಿದುಕೊಂಡು ಓದಿ.

ಜರ್ಮನಿ ತಾನು ಸುಡುವ ಗ್ಯಾಸಿನಲ್ಲಿ ಶೇ. 5ರಷ್ಟನ್ನು ಮಾತ್ರ ತನ್ನ ನೆಲದಿಂದ ತೆಗೆಯುತ್ತದೆ. ತೈಲದಲ್ಲಿ ಆ ಪಾಲು ಇನ್ನೂ ಕಡಿಮೆ. ಉಕ್ರೇನ್ ಯುದ್ಧಕ್ಕೆ ಮೊದಲು ಆಮದಾಗುತ್ತಿದ್ದ ಗ್ಯಾಸಿನಲ್ಲಿ ಸುಮಾರು ಶೇ. 55 ರಷ್ಯಾದ್ದು. 2022ರ ಆಗಸ್ಟ್ ಕೊನೆಯಲ್ಲಿ ರಷ್ಯಾದಿಂದ ಬರುವ ನಾರ್ಡ್ ಸ್ಟ್ರೀಮ್ 1 ಕೊಳವೆಯ ಹರಿವು ನಿಂತಿತು, ಸೆಪ್ಟೆಂಬರ್ 26ರಂದು ಬಾಲ್ಟಿಕ್ ಸಮುದ್ರದ ತಳದಲ್ಲಿ ಕೊಳವೆಗಳು ಸ್ಫೋಟಗೊಂಡವು. ಅದೇ ಆಗಸ್ಟಿನಲ್ಲಿ ಸಗಟು ಬೆಲೆ 300 ಯೂರೋ ದಾಟಿತ್ತು. ಅದಕ್ಕೂ ಹಿಂದಿನ ದಶಕದಲ್ಲಿ ನಾವು ಕಂಡ ಮಾಮೂಲಿ ಬೆಲೆ 15ರಿಂದ 25 ಯೂರೋ. ಜನರ ಮನಸ್ಸಿನಲ್ಲಿ 'ಸರಿಯಾದ ಬೆಲೆ' ಎಂದು ಕೂತಿರುವುದು ಆ ಹಳೆಯ ಬೆಲೆಯೇ.

ಈಗ ಗ್ಯಾಸ್ ಬರುವ ದಾರಿಗಳೇ ಬೇರೆ. 2024ರಲ್ಲಿ ಜರ್ಮನಿ 865 ಟೆರಾವಾಟ್ ಗಂಟೆಯಷ್ಟು ಆಮದು ಮಾಡಿಕೊಂಡಿತು. ನಮ್ಮ ಮನೆಭಾಷೆಯಲ್ಲಿ ಹೇಳುವುದಾದರೆ ಒಂದು ಟೆರಾವಾಟ್ ಗಂಟೆ ಎಂದರೆ 100 ಕೋಟಿ ಯುನಿಟ್. ಅದರಲ್ಲಿ ಶೇ. 48 ನಾರ್ವೆಯಿಂದ, ಶೇ. 25 ನೆದರ್‌ಲ್ಯಾಂಡ್ಸ್ ಮೂಲಕ, ಶೇ. 18 ಬೆಲ್ಜಿಯಂ ಮೂಲಕ ಬಂತು. ಜರ್ಮನಿಯ ಸ್ವಂತ ಎಲ್‌ಎನ್‌ಜಿ (ತಣಿಸಿ ದ್ರವವಾಗಿಸಿ ಹಡಗಿನಲ್ಲಿ ತರುವ ಗ್ಯಾಸ್) ಬಂದರುಗಳಿಂದ ಬಂದದ್ದು ಶೇ. 8, ಅಂದರೆ 69 ಟೆರಾವಾಟ್ ಗಂಟೆ. ಈ ಶೇ. 8 ನೋಡಿ ಹಡಗಿನ ಗ್ಯಾಸ್ ಕಡಿಮೆ ಎಂದುಕೊಳ್ಳಬೇಡಿ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಕಡೆಯಿಂದ ಕೊಳವೆಯಲ್ಲಿ ಬರುವುದರಲ್ಲೂ ದೊಡ್ಡ ಪಾಲು ರಾಟರ್‌ಡ್ಯಾಮ್, ಜೀಬ್ರುಗ್ಗೆ ಬಂದರುಗಳಲ್ಲಿ ಹಡಗಿನಿಂದ ಇಳಿದದ್ದು.

ಬೆಲೆ ನಿಗದಿಯಾಗುವುದು ಕೊನೆಯ ಹಡಗಿನಲ್ಲಿ. ನಾರ್ವೆಯ ಕೊಳವೆಗಳು ಡೋರ್ನುಮ್ ಮತ್ತು ಎಮ್ಡೆನ್ ತೀರಕ್ಕೆ ಹೆಚ್ಚುಕಮ್ಮಿ ಪೂರ್ಣ ಪ್ರಮಾಣದಲ್ಲಿ ಹರಿಯುತ್ತಿವೆ. ಚಳಿ ಹೆಚ್ಚಿದರೆ ಅಲ್ಲಿಂದ ಇನ್ನಷ್ಟು ಕೇಳುವ ಹಾಗಿಲ್ಲ. ಆಗಸ್ಟ್–ಸೆಪ್ಟೆಂಬರಿನಲ್ಲಿ ಕೋಲ್ಸ್‌ನೆಸ್, ನ್ಯೂಹಾಮ್ನಾ ಸಂಸ್ಕರಣಾ ಘಟಕಗಳು ರಿಪೇರಿಗೆ ನಿಂತಾಗಲಂತೂ ಇರುವುದೂ ಕಡಿಮೆಯಾಗುತ್ತದೆ. ಕೊರತೆ ತುಂಬುವ ಹಡಗನ್ನು ಜಪಾನ್, ಚೀನಾ, ಕೊರಿಯಾ, ಭಾರತದ ಜೊತೆ ಪೈಪೋಟಿ ಮಾಡಿ ಕೊಳ್ಳಬೇಕು. ಒಂದು ದೊಡ್ಡ ಎಲ್‌ಎನ್‌ಜಿ ಹಡಗಿನಲ್ಲಿ ಮೈನಸ್ 162 ಡಿಗ್ರಿಗೆ ತಣಿಸಿದ ಸುಮಾರು 1,74,000 ಘನ ಮೀಟರ್ ದ್ರವ ಇರುತ್ತದೆ. ಆವಿಯಾದರೆ ಅದು ಸುಮಾರು 600 ಪಟ್ಟು ಹಿಗ್ಗುತ್ತದೆ. ಒಟ್ಟು ಶಕ್ತಿ ಅಂದಾಜು ಒಂದು ಟೆರಾವಾಟ್ ಗಂಟೆ. ವರ್ಷಕ್ಕೆ 20,000 ಯುನಿಟ್ ಸುಡುವ 50,000 ಮನೆಗಳ ಒಂದು ವರ್ಷದ ಹೀಟಿಂಗ್ ಒಂದೇ ಹಡಗಿನಲ್ಲಿ ಬರುತ್ತದೆ. ಒಂದು ಹಡಗು ಎತ್ತ ತಿರುಗಿತು ಎಂಬುದಕ್ಕೆ ಪೇಟೆ ಇಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ.

ಹಾಗಾದರೆ ಬೆಲೆ ಇಳಿಯುತ್ತದೆ ಎಂದು ನಾವು ಹೇಳುತ್ತಿರುವುದೇಕೆ? ಹೊಸ ಘಟಕಗಳು ಸಾಲಾಗಿ ಶುರುವಾಗುತ್ತಿವೆ. ಅಮೆರಿಕದ ಲೂಸಿಯಾನಾದ ಪ್ಲೇಕ್ವಮಿನ್ಸ್ ಘಟಕದಿಂದ 2024ರ ಡಿಸೆಂಬರಿನಲ್ಲಿ, ಎಲ್‌ಎನ್‌ಜಿ ಕೆನಡಾದಿಂದ 2025ರ ಜೂನಿನಲ್ಲಿ ಮೊದಲ ಹಡಗುಗಳು ಹೊರಟವು. ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿ ವಿಸ್ತರಣೆ ನಡೆಯುತ್ತಿದೆ. ಗೋಲ್ಡನ್ ಪಾಸ್ ಮತ್ತು ಕತಾರಿನ ನಾರ್ತ್ ಫೀಲ್ಡ್ ಈಸ್ಟ್ 2026ರ ಪಟ್ಟಿಯಲ್ಲಿವೆ. ನಾರ್ತ್ ಫೀಲ್ಡ್ ಈಸ್ಟ್ ಒಂದರ ಸಾಮರ್ಥ್ಯವೇ ವರ್ಷಕ್ಕೆ 3.2 ಕೋಟಿ ಟನ್. ಇಷ್ಟು ಗ್ಯಾಸ್ ಒಟ್ಟಿಗೆ ಪೇಟೆಗೆ ಬಂದಾಗ ಬೆಲೆ ಬೀಳುವುದು ಸಹಜ.

ಆದರೆ ಎಷ್ಟು ಕೆಳಕ್ಕೆ? ಅಮೆರಿಕದ ಎಲ್‌ಎನ್‌ಜಿ ಒಪ್ಪಂದಗಳ ಸೂತ್ರ ತಿಳಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅಲ್ಲಿನ ಸಗಟು ಗ್ಯಾಸಿನ ಮಾನದಂಡವಾದ ಹೆನ್ರಿ ಹಬ್ ಬೆಲೆಯ ಶೇ. 115, ಅದರ ಮೇಲೆ ದ್ರವವಾಗಿಸುವ ಶುಲ್ಕ, ನಂತರ ಹಡಗಿನ ಬಾಡಿಗೆ ಮತ್ತು ಇಲ್ಲಿ ಮತ್ತೆ ಅನಿಲವಾಗಿಸುವ ಖರ್ಚು. ಅಳತೆ ಎಂಎಂಬಿಟಿಯು ಲೆಕ್ಕದಲ್ಲಿ. ಒಂದು ಎಂಎಂಬಿಟಿಯು ಎಂದರೆ 293 ಯುನಿಟ್. ಹೆನ್ರಿ ಹಬ್ 4 ಡಾಲರ್ ಎಂದಿಟ್ಟುಕೊಳ್ಳಿ. ಶೇ. 115 ಎಂದರೆ 4.60. ಶುಲ್ಕ 2.50. ಹಡಗು ಮತ್ತು ಬಂದರಿನ ಖರ್ಚು 1.50. ಒಟ್ಟು 8.60 ಡಾಲರ್. ಒಂದು ಯೂರೋಗೆ 1.16 ಡಾಲರ್ ದರದಲ್ಲಿ ಇದು ಮೆಗಾವಾಟ್ ಗಂಟೆಗೆ ಸುಮಾರು 25 ಯೂರೋ ಆಗುತ್ತದೆ. ಇದಕ್ಕಿಂತ ಕೆಳಗೆ ಮಾರಿದರೆ ಖರೀದಿದಾರನಿಗೆ ನಷ್ಟ. ಆದರೂ ಆತ ಕೂಡಲೇ ನಿಲ್ಲಿಸುವುದಿಲ್ಲ. ಹಡಗು ಬೇಡವೆಂದರೂ 2.50ರ ಶುಲ್ಕ ಕಟ್ಟಲೇಬೇಕು ಎಂದು ಒಪ್ಪಂದದಲ್ಲಿರುತ್ತದೆ. ಹಾಗಾಗಿ ಉಳಿದ 6.10 ಡಾಲರ್ ವಸೂಲಾಗುವವರೆಗೂ, ಅಂದರೆ ಸುಮಾರು 18 ಯೂರೋವರೆಗೂ, ಹಡಗುಗಳು ಬರುತ್ತಲೇ ಇರುತ್ತವೆ. ಅದಕ್ಕೂ ಕೆಳಗೆ ಹೋದರೆ ರದ್ದಾಗತೊಡಗುತ್ತವೆ, ಪೂರೈಕೆ ಕುಗ್ಗುತ್ತದೆ, ಬೆಲೆ ಮೇಲೇಳುತ್ತದೆ. 2020ರ ಬೇಸಿಗೆಯಲ್ಲಿ ಕೊರೋನಾದಿಂದ ಬೇಡಿಕೆ ಬಿದ್ದು ಯೂರೋಪಿನ ಬೆಲೆ 4 ಯೂರೋಗಿಂತ ಕೆಳಗೆ ಇಳಿದಾಗ ಅಮೆರಿಕದಿಂದ ಹೊರಡಬೇಕಿದ್ದ ನೂರಕ್ಕೂ ಹೆಚ್ಚು ಹಡಗುಗಳು ಹೀಗೇ ರದ್ದಾದವು. ಆದ್ದರಿಂದ ಹೇರಳ ಪೂರೈಕೆಯ ಕಾಲದಲ್ಲೂ ನಾವು 18ರಿಂದ 25 ಯೂರೋ ನಡುವಿನ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ. ರಷ್ಯಾದ ಕೊಳವೆ ಕಾಲದ ಬೆಲೆಗೆ ಇದು ಹತ್ತಿರವೇ. ಆದರೆ ಆ ಕಾಲದ ಸ್ಥಿರತೆ ಇದಕ್ಕಿಲ್ಲ.

ಆ ಅಸ್ಥಿರತೆ ಎಲ್ಲಿ ಕೂತಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜರ್ಮನಿಯ ಭೂಗತ ದಾಸ್ತಾನುಗಳಲ್ಲಿ ಒಟ್ಟು ಸುಮಾರು 250 ಟೆರಾವಾಟ್ ಗಂಟೆ ಹಿಡಿಯುತ್ತದೆ. 2024ರ ಬಳಕೆ 844. ಅಂದರೆ ದಾಸ್ತಾನು ಪೂರ್ತಿ ತುಂಬಿದರೂ ವರ್ಷದ ಬಳಕೆಯ ಶೇ. 30ರಷ್ಟು. ಬೇಸಿಗೆಯಲ್ಲಿ ಕೊಂಡು ತುಂಬಿ ಚಳಿಗಾಲದಲ್ಲಿ ಮಾರುವವನಿಗೆ ಲಾಭ ಉಳಿಯಬೇಕಾದರೆ ಚಳಿಗಾಲದ ಬೆಲೆ ಬೇಸಿಗೆಯ ಬೆಲೆಗಿಂತ ಹೆಚ್ಚಿರಬೇಕು. 2025ರ ಆರಂಭದಲ್ಲಿ ಇದು ತಲೆಕೆಳಗಾಯಿತು. ಎಲ್ಲರೂ ಬೇಸಿಗೆಯಲ್ಲಿ ತುಂಬಲೇಬೇಕು ಎಂಬ ಕಾನೂನು ಇದ್ದದ್ದರಿಂದ ಬೇಸಿಗೆಯ ಮುಂಗಡ ಬೆಲೆಯೇ ಚಳಿಗಾಲದ್ದಕ್ಕಿಂತ ಮೇಲೇರಿತು. ತುಂಬಿದವನಿಗೆ ನಷ್ಟ ಖಚಿತವಾದಾಗ ಯಾರು ತುಂಬುತ್ತಾರೆ? ಸರ್ಕಾರ ಮೇ ತಿಂಗಳಲ್ಲಿ ಗುರಿಯನ್ನು ಸಡಿಲಿಸಿತು. ಹಿಂದೆ ನವೆಂಬರ್ 1ಕ್ಕೆ ಶೇ. 90 ಇದ್ದದ್ದು ಈಗ ಒಟ್ಟಾರೆ ಶೇ. 70ರ ಸುತ್ತ ನಿಂತಿದೆ. ಪರಿಣಾಮವಾಗಿ 2024ರ ನವೆಂಬರ್ 1ಕ್ಕೆ ಸುಮಾರು ಶೇ. 98 ತುಂಬಿದ್ದ ದಾಸ್ತಾನು 2025ರಲ್ಲಿ ಅದೇ ದಿನ ಸುಮಾರು ಶೇ. 75ಕ್ಕೆ ನಿಂತಿತು.

ಶೇ. 75 ಎಂದರೆ ಗಾಬರಿಪಡುವ ಮಟ್ಟವಲ್ಲ. ಹಡಗಿನ ಬಂದರುಗಳು ಈಗ ಇವೆ. ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ಮೊದಲ ತೇಲು ಟರ್ಮಿನಲ್ 2022ರ ಡಿಸೆಂಬರ್ 17ರಂದು ಉದ್ಘಾಟನೆಯಾಯಿತು, ನಂತರ ಬ್ರುನ್ಸ್‌ಬ್ಯೂಟೆಲ್, ಮುಕ್ರಾನ್ ಸೇರಿದವು. ಆದರೆ ದಾಸ್ತಾನಿನ ಒಂದು ಸ್ವಭಾವ ಎಲ್ಲರಿಗೂ ತಿಳಿದಿರಬೇಕು. ಒಳಗಿನ ಒತ್ತಡ ಇಳಿದಂತೆ ದಿನಕ್ಕೆ ಹೊರತೆಗೆಯಬಹುದಾದ ಪ್ರಮಾಣವೂ ಇಳಿಯುತ್ತದೆ. ಉಪ್ಪಿನ ಗುಹೆಗಳಲ್ಲಿ ಬೇಗ ತೆಗೆಯಬಹುದು, ಬೇಗ ತುಂಬಬಹುದು. ರೇಡನ್‌ನಂಥ ರಂಧ್ರಶಿಲೆಯ ದಾಸ್ತಾನು ನಿಧಾನ. ತುಂಬಲು ಇಡೀ ಬೇಸಿಗೆ ಬೇಕು. ಅರ್ಧ ಖಾಲಿಯಾದ ದಾಸ್ತಾನಿನ ಮೇಲೆ ಫೆಬ್ರವರಿ ಕೊನೆಯಲ್ಲಿ ಎರಡು ವಾರ ಕಡುಚಳಿ, ಗಾಳಿಯಿಲ್ಲದ ಮೋಡದ ದಿನಗಳು ಒಟ್ಟಿಗೆ ಬಂದರೆ ಬೆಲೆ ದಿನಗಳಲ್ಲೇ ಜಿಗಿಯುತ್ತದೆ. ಜರ್ಮನಿಯ ಅತಿ ದೊಡ್ಡ ದಾಸ್ತಾನಾದ ರೇಡನ್ 2021ರ ಶರತ್ಕಾಲದಲ್ಲಿ ರಷ್ಯಾದ ಸರ್ಕಾರಿ ಕಂಪನಿ ಗಾಜ್‌ಪ್ರೋಮ್ ಕೈಯಲ್ಲಿದ್ದಾಗ ಬಹುತೇಕ ಖಾಲಿ ಬಿದ್ದಿತ್ತು. ಅದನ್ನು ಪೇಟೆ ಆಗ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ದಾಸ್ತಾನಿನ ಮಟ್ಟವನ್ನು ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆಯಾದ ಬುಂಡೆಸ್‌ನೆಟ್ಸ್‌ಅಗೆಂಟೂರ್ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಮಾರ್ಚ್ ಕೊನೆಗೆ ಅದು ಶೇ. 30ಕ್ಕಿಂತ ಎಷ್ಟು ಕೆಳಗಿದೆ ನೋಡಿ. ಕೆಳಗಿಳಿದಷ್ಟೂ ಬೇಸಿಗೆಯ ಖರೀದಿ ಹೆಚ್ಚುತ್ತದೆ, ಆ ಬೇಸಿಗೆಯಲ್ಲಿ ಬೆಲೆ ಇಳಿಯುವ ಆಸೆ ಕಡಿಮೆ.

ಎರಡನೆಯ ಅಪಾಯ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹಾರ್ಮುಜ್ ಜಲಸಂಧಿ. ಜಗತ್ತಿನ ಎಲ್‌ಎನ್‌ಜಿಯಲ್ಲಿ ಸುಮಾರು ಐದನೇ ಒಂದು ಭಾಗ ಆ ಇಕ್ಕಟ್ಟಿನ ದಾರಿಯಿಂದ ಹೊರಬರಬೇಕು, ಬಹುಪಾಲು ಕತಾರಿನದು. ಜರ್ಮನಿ ಕತಾರಿನಿಂದ ನೇರವಾಗಿ ಕೊಳ್ಳುವುದು ಅಲ್ಪ. ಆದರೂ ಅದು ಮುಚ್ಚಿದರೆ ಭಾರತ, ಜಪಾನ್, ಕೊರಿಯಾ ಎಲ್ಲವೂ ಅಮೆರಿಕದ ಹಡಗಿಗೆ ಮುಗಿಬೀಳುತ್ತವೆ. ಮೇಲೆ ಹೇಳಿದ ನಮ್ಮ 18–25 ಯೂರೋ ಲೆಕ್ಕ ಅಂದೇ ಬಿದ್ದುಹೋಗುತ್ತದೆ. ಮೂರನೆಯದು ಯೂರೋಪ್ ತಾನೇ ನಿರ್ಧರಿಸಿದ್ದು: ರಷ್ಯಾದ ಎಲ್‌ಎನ್‌ಜಿಯ ದೀರ್ಘಾವಧಿ ಒಪ್ಪಂದಗಳೂ 2027ರ ಆರಂಭದಿಂದ ನಿಲ್ಲಬೇಕು, ಕೊಳವೆ ಗ್ಯಾಸ್ 2027ರ ಶರತ್ಕಾಲಕ್ಕೆ. ಇದು ಸರಿಯಾದ ನಿರ್ಧಾರ ಎಂದೇ ನಾವು ತಿಳಿಯುತ್ತೇವೆ. ಹೊಸ ಘಟಕಗಳಿಂದ ಬರುವ ಹೆಚ್ಚುವರಿಯಲ್ಲಿ ಒಂದಷ್ಟು ಭಾಗ ಈ ಖಾಲಿ ಜಾಗ ತುಂಬಲು ಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಇಲ್ಲಿಯ ಪೇಟೆ ಭಾರತದಲ್ಲಿರುವ ನಮ್ಮ ಊರುಗಳನ್ನೂ ಮುಟ್ಟುತ್ತದೆ. ಗಾಜ್‌ಪ್ರೋಮ್‌ನ ಜರ್ಮನಿ ಶಾಖೆಯ ಸಿಂಗಾಪುರ ಕಂಪನಿ ಭಾರತದ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ಗೆ ಇಪ್ಪತ್ತು ವರ್ಷ ಎಲ್‌ಎನ್‌ಜಿ ಕೊಡುವ ಒಪ್ಪಂದ ಮಾಡಿಕೊಂಡಿತ್ತು. 2022ರಲ್ಲಿ ಆ ಶಾಖೆ ಜರ್ಮನ್ ಸರ್ಕಾರದ ಕೈಗೆ ಬಂದು ಸೆಫೆ ಎಂಬ ಹೆಸರು ಪಡೆಯಿತು. ಅದೇ ವರ್ಷ ಭಾರತಕ್ಕೆ ಬರಬೇಕಾದ ಹಡಗುಗಳು ನಿಂತುಹೋದವು. ಗೇಲ್ ಲಂಡನ್ನಿನಲ್ಲಿ ಮಧ್ಯಸ್ಥಿಕೆಗೆ ಹೋಗಿ 2025ರ ಜನವರಿಯಲ್ಲಿ 28.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ದಾಭೋಲ್–ಬೆಂಗಳೂರು ಕೊಳವೆ, ಕೊಚ್ಚಿ–ಮಂಗಳೂರು ಕೊಳವೆ ಎರಡರ ತುದಿಯಲ್ಲೂ ಅಡುಗೆಮನೆಗಳು, ಕಾರ್ಖಾನೆಗಳು ಇವೆ. ಮಂಗಳೂರಿನ ರಸಗೊಬ್ಬರ ಕಾರ್ಖಾನೆ ನಾಫ್ತಾ ಬಿಟ್ಟು ಗ್ಯಾಸಿಗೆ ಬಂದದ್ದು ಕೊಚ್ಚಿಯ ಕೊಳವೆಯಿಂದಲೇ. ಯೂರೋಪ್ ಒಂದು ಚಳಿಗಾಲ ಹಣ ಸುರಿದು ಹಡಗು ಎಳೆದುಕೊಂಡರೆ ಅದರ ಬಿಸಿ ಅಲ್ಲಿಯವರಿಗೂ ತಟ್ಟುತ್ತದೆ. ಇಲ್ಲಿ ಪ್ರತಿ ಮನೆ ಗ್ಯಾಸ್ ಕಡಿಮೆ ಸುಟ್ಟಷ್ಟೂ ಇಬ್ಬರಿಗೂ ಒಳ್ಳೆಯದು ಎಂದು ನಾವು ಮನಸಾರೆ ನಂಬುತ್ತೇವೆ.

ಈಗ ನಿಮ್ಮ ಬಿಲ್. ಗ್ರುಂಡ್‌ಫೆರ್ಜೋರ್ಗುಂಗ್ (ಬೇರೆ ಒಪ್ಪಂದ ಮಾಡಿಕೊಳ್ಳದವರಿಗೆ ಸ್ಥಳೀಯ ಕಂಪನಿ ಕೊಡುವ ಮೂಲ ದರ) ಬಿಟ್ಟು ಬೇರೆ ಒಪ್ಪಂದದಲ್ಲಿರುವ ಮನೆಗೆ 2025ರಲ್ಲಿ ಯುನಿಟ್ಟಿಗೆ ಸುಮಾರು 10 ಸೆಂಟ್ ಬಿದ್ದಿದೆ ಎಂದುಕೊಳ್ಳೋಣ. ಒಡೆದು ನೋಡಿದರೆ ಸಗಟು ಗ್ಯಾಸ್ 3.2 ಸೆಂಟ್, ಕಂಪನಿಯ ನಿರ್ವಹಣೆ ಮತ್ತು ಲಾಭ 1, ಕೊಳವೆ ಜಾಲದ ಶುಲ್ಕ ಮೀಟರ್ ಸೇರಿ 2.2, ಇಂಗಾಲದ ಬೆಲೆ (ಗ್ಯಾಸ್ ಸುಟ್ಟಾಗ ಹೊರಬರುವ ಇಂಗಾಲದ ಡೈ ಆಕ್ಸೈಡಿಗೆ ಕಟ್ಟುವ ಶುಲ್ಕ) ಟನ್ನಿಗೆ 55 ಯೂರೋದಂತೆ 1, ಗ್ಯಾಸ್ ತೆರಿಗೆ 0.55, ದಾಸ್ತಾನು ಶುಲ್ಕ ಸುಮಾರು 0.3, ಪುರಸಭೆಯ ಪಾಲು 0.03. ಇವೆಲ್ಲದರ ಮೇಲೆ ಶೇ. 19 ವ್ಯಾಟ್. ಊರಿಂದೂರಿಗೆ ಕೊಳವೆ ಶುಲ್ಕ ಬದಲಾಗುತ್ತದೆ, ಚೌಕಟ್ಟು ಇದೇ. ಗ್ಯಾಸ್ ಎಂಬ ಸರಕಿಗೆ ನೀವು ಕೊಡುತ್ತಿರುವುದು ಬಿಲ್ಲಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಸಗಟು ಬೆಲೆ 2 ಸೆಂಟಿಗೆ, ಅಂದರೆ ಮೆಗಾವಾಟ್ ಗಂಟೆಗೆ 20 ಯೂರೋಗೆ ಇಳಿಯಿತು ಅನ್ನಿ. ವ್ಯಾಟ್ ಸೇರಿ 1.43 ಸೆಂಟ್ ಉಳಿತಾಯ. ದಾಸ್ತಾನು ಶುಲ್ಕ 2026ರ ಜನವರಿ 1ರಿಂದ ರದ್ದಾಗುತ್ತಿದೆ, ಅಲ್ಲಿ ಇನ್ನೂ 0.36. ಒಟ್ಟು 1.79. ಇನ್ನೊಂದು ಕಡೆ ಇಂಗಾಲದ ಬೆಲೆ 2026ರಲ್ಲಿ 55ರಿಂದ 65 ಯೂರೋ ನಡುವೆ ಇರುತ್ತದೆ. ಇಂಗಾಲದ ಬೆಲೆಗೆ ಯೂರೋಪ್ ಮಟ್ಟದ ಹೊಸ ವ್ಯವಸ್ಥೆಯನ್ನು 2028ಕ್ಕೆ ಮುಂದೂಡಲು ಹೊರಟಿದ್ದಾರೆ. ಅದರಡಿ ಟನ್ನಿಗೆ 100 ಯೂರೋ ಆದರೆ ಯುನಿಟ್ಟಿಗೆ ವ್ಯಾಟ್ ಸೇರಿ ಸುಮಾರು 0.97 ಸೆಂಟ್ ಏರಿಕೆ. ಕೊಳವೆ ಶುಲ್ಕ ಕೆಲವು ವರ್ಷಗಳಲ್ಲಿ 1 ಸೆಂಟ್ ಹೆಚ್ಚಿದರೆ ವ್ಯಾಟ್ ಸೇರಿ 1.19. ಎರಡೂ ಸೇರಿ 2.16. ಉಳಿಸಿದ್ದೆಲ್ಲ ಹೋಗಿ ಮೇಲೆ ಇನ್ನಷ್ಟು. ಇದು ಭವಿಷ್ಯವಾಣಿಯಲ್ಲ, ಲೆಕ್ಕ. ನಿಮ್ಮ ಬಿಲ್ಲಿನ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಬಹುದು.

ಕೊಳವೆ ಶುಲ್ಕ ಏರುತ್ತದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ನೆಲದಡಿಯ ಜಾಲದ ಖರ್ಚು ಹೆಚ್ಚುಕಮ್ಮಿ ಸ್ಥಿರ. ಅದನ್ನು ಹಂಚಿಕೊಳ್ಳುವ ಮನೆಗಳು ಕಡಿಮೆಯಾಗುತ್ತಿವೆ. ನಿಯಂತ್ರಕರು 2024ರ ಸೆಪ್ಟೆಂಬರಿನಲ್ಲೇ ಕೊಳವೆಗಳ ಸವಕಳಿಯನ್ನು ಬೇಗ ಮುಗಿಸಲು ಜಾಲದ ಕಂಪನಿಗಳಿಗೆ ಅವಕಾಶ ಕೊಟ್ಟರು. ದೂರದ ವರ್ಷಗಳಿಗೆ ಹರಡಬೇಕಿದ್ದ ಖರ್ಚು ಈಗಿನ ಬಿಲ್ಲುಗಳಿಗೆ ಬರುತ್ತದೆ. ಮದುವೆ ಊಟದ ಖರ್ಚು ನೂರು ಜನ ಹಂಚಿಕೊಳ್ಳುವುದೆಂದು ಲೆಕ್ಕ ಹಾಕಿ, ಅರ್ಧ ಜನ ಎದ್ದುಹೋದರೆ ಕೊನೆಯ ಪಂಕ್ತಿಯವರು ಕಟ್ಟಬೇಕಾದ ಪರಿಸ್ಥಿತಿಯಂತೆ ಇದು. ಮ್ಯಾನ್‌ಹೈಮ್‌ನ ನಗರ ಇಂಧನ ಕಂಪನಿ ಎಂವಿವಿ ತನ್ನ ಗ್ಯಾಸ್ ಜಾಲವನ್ನು 2035ಕ್ಕೆ ಮುಚ್ಚುವ ಯೋಜನೆಯನ್ನು 2024ರಲ್ಲೇ ಪ್ರಕಟಿಸಿದೆ. ಅಲ್ಲಿ ಇಂದು ಹಾಕಿಸಿದ ಬಾಯ್ಲರಿಗೆ ಹತ್ತು ವರ್ಷ ಮಾತ್ರ ಗ್ಯಾಸ್.

ಸ್ವಂತ ಮನೆ ಇರುವವರು ಏನನ್ನೂ ಕೊಳ್ಳುವ ಮೊದಲು ನಗರದ ಶಾಖ ಯೋಜನೆಯನ್ನು ನೋಡಿ. ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳು 2026ರ ಜೂನ್ 30ರೊಳಗೆ, ಉಳಿದವು 2028ರ ಜೂನ್ 30ರೊಳಗೆ ಅದನ್ನು ಪ್ರಕಟಿಸಬೇಕು. ನಿಮ್ಮ ಬೀದಿಗೆ ಡಿಸ್ಟ್ರಿಕ್ಟ್ ಹೀಟಿಂಗ್ (ಒಂದೇ ಕೇಂದ್ರದಿಂದ ಕೊಳವೆಯಲ್ಲಿ ಮನೆಮನೆಗೆ ಬಿಸಿನೀರಿನ ಶಾಖ) ಬರುವುದಿದ್ದರೆ ಕಾಯುವುದು ಮೇಲು. ಬರುವುದಿಲ್ಲವಾದರೆ ಹೀಟ್ ಪಂಪ್ (ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಮನೆಯೊಳಗೆ ತರುವ ಯಂತ್ರ) ಲೆಕ್ಕ ಹಾಕಿ. 2025ರ ಕೊನೆಯಲ್ಲಿದ್ದ ಕಾನೂನಿನಲ್ಲಿ ಹೊಸದಾಗಿ ಹಾಕಿಸುವ ಗ್ಯಾಸ್ ಬಾಯ್ಲರಿಗೆ 2029ರಿಂದ ಶೇ. 15, 2035ರಿಂದ ಶೇ. 30, 2040ರಿಂದ ಶೇ. 60 ಜೈವಿಕ ಅನಿಲ ಅಥವಾ ಅಂಥದ್ದೇ ಇಂಧನ ಬೇಕು ಎಂಬ ಷರತ್ತೂ ಇತ್ತು. ಕಾನೂನು ಬದಲಿಸುವುದಾಗಿ ಸರ್ಕಾರ ಹೇಳಿದೆ. ಆದರೆ ಮೇಲಿನ ಕೊಳವೆ ಲೆಕ್ಕ ಯಾವ ಸರ್ಕಾರ ಬಂದರೂ ಬದಲಾಗದು.

ನಿಮ್ಮ ಮನೆ ಹೀಟ್ ಪಂಪಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಹೊರಗೆ ಸೊನ್ನೆ ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರುವ ಎರಡು ದಿನ, ಈಗಿರುವ ಬಾಯ್ಲರಿನ ಗರಿಷ್ಠ ನೀರಿನ ಉಷ್ಣತೆಯನ್ನು 55 ಡಿಗ್ರಿಗೆ ಇಳಿಸಿ. ಎಲ್ಲ ರೇಡಿಯೇಟರ್ ವಾಲ್ವ್‌ಗಳನ್ನೂ ಪೂರ್ತಿ ತೆರೆಯಿರಿ, ರಾತ್ರಿ ಉಷ್ಣತೆ ಇಳಿಸುವ ಸೆಟ್ಟಿಂಗ್ ಆಫ್ ಮಾಡಿ. ಕೋಣೆಗಳು 20–21 ಡಿಗ್ರಿ ಮುಟ್ಟಿದರೆ ಮನೆ ಸಿದ್ಧವಿದೆ. ಒಂದೆರಡು ಕೋಣೆ ಮಾತ್ರ ತಣ್ಣಗಿದ್ದರೆ ಅಲ್ಲಿನ ರೇಡಿಯೇಟರ್ ದೊಡ್ಡದು ಹಾಕಿಸಿದರೆ ಸಾಕಾಗಬಹುದು. ಇಡೀ ಮನೆ ತಣ್ಣಗಿದ್ದರೆ ಮೊದಲು ಹೈಡ್ರಾಲಿಕ್ ಬ್ಯಾಲೆನ್ಸಿಂಗ್ (ಪ್ರತಿ ರೇಡಿಯೇಟರಿಗೂ ಬೇಕಾದಷ್ಟೇ ನೀರು ಹರಿಯುವಂತೆ ಹೊಂದಿಸುವುದು) ಮತ್ತು ಇನ್ಸುಲೇಶನ್ ನೋಡಬೇಕು. ಈ ಪರೀಕ್ಷೆಯಲ್ಲಿ ಪಾಸಾದ ಮನೆ ಆ ಸೆಟ್ಟಿಂಗನ್ನೇ ಉಳಿಸಿಕೊಂಡರೆ ಗ್ಯಾಸೂ ಉಳಿಯುತ್ತದೆ. ವಾಪಸ್ ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದಾಗಲೇ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿನ ಆವಿಯಿಂದ ಶಾಖ ಹಿಂದಕ್ಕೆ ಪಡೆಯುವುದು. ಎಷ್ಟೋ ಮನೆಗಳಲ್ಲಿ ಅದು 70 ಡಿಗ್ರಿಯಲ್ಲಿ ಓಡುತ್ತಾ ಆ ಲಾಭವನ್ನು ಚಿಮಣಿಗೆ ಕಳಿಸುತ್ತಿರುತ್ತದೆ.

ವರ್ಷಕ್ಕೆ 18,000 ಯುನಿಟ್ ಗ್ಯಾಸ್ ಸುಡುವ ಮನೆಗೆ ಬಾಯ್ಲರಿನಿಂದ ಸಿಗುವ ಶಾಖ ಸುಮಾರು 16,200. ವಾರ್ಷಿಕ ದಕ್ಷತೆ 3.5 ಇರುವ, ಅಂದರೆ ಒಂದು ಯುನಿಟ್ ವಿದ್ಯುತ್ತಿನಿಂದ 3.5 ಯುನಿಟ್ ಶಾಖ ಕೊಡುವ ಹೀಟ್ ಪಂಪಿಗೆ ಇದಕ್ಕೆ 4,630 ಯುನಿಟ್ ವಿದ್ಯುತ್ ಸಾಕು. ಹೀಟ್ ಪಂಪ್ ದರ 25 ಸೆಂಟ್ ಆದರೆ 1,157 ಯೂರೋ. ಗ್ಯಾಸಿಗೆ 1,800. ಆದರೆ ಕೆಲಸ ಕೆಟ್ಟರೆ ಲೆಕ್ಕವೂ ಕೆಡುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರ ಹಾಕಿ, ನೀರನ್ನು 65 ಡಿಗ್ರಿಗೆ ಕಾಯಿಸಿ ದಕ್ಷತೆ 2.8ಕ್ಕೆ ಬಿದ್ದು, ಮನೆಬಳಕೆಯ 35 ಸೆಂಟ್ ದರದಲ್ಲೇ ಓಡಿಸಿದರೆ 2,025 ಯೂರೋ, ಅಂದರೆ ಗ್ಯಾಸಿಗಿಂತ ದುಬಾರಿ. ಆದ್ದರಿಂದ ಶಾಖದ ಅಗತ್ಯವನ್ನು ಕೋಣೆ ಕೋಣೆಯಾಗಿ ಲೆಕ್ಕ ಹಾಕಿಕೊಡದ ಕೊಟೇಶನ್ ಒಪ್ಪಬೇಡಿ, ಪ್ರತ್ಯೇಕ ಮೀಟರ್ ಮತ್ತು ಹೀಟ್ ಪಂಪ್ ದರ ಕೇಳಿ.

ಸರ್ಕಾರಿ ಬ್ಯಾಂಕಾದ ಕೆಎಫ್‌ಡಬ್ಲ್ಯೂನ 458ನೇ ಯೋಜನೆಯಲ್ಲಿ 30,000 ಯೂರೋವರೆಗಿನ ಖರ್ಚಿಗೆ ಸಹಾಯಧನ ಸಿಗುತ್ತದೆ. ಮೂಲ ಶೇ. 30. ಸ್ವಂತ ವಾಸದ ಮನೆಯಲ್ಲಿ ಓಡುತ್ತಿರುವ ಎಣ್ಣೆ ಬಾಯ್ಲರ್ ಅಥವಾ ಕನಿಷ್ಠ 20 ವರ್ಷ ಹಳೆಯ ಗ್ಯಾಸ್ ಬಾಯ್ಲರ್ ತೆಗೆಸಿದರೆ ಇನ್ನೂ ಶೇ. 20. ತೆರಿಗೆಗೆ ಒಳಪಡುವ ಕುಟುಂಬದ ಆದಾಯ 40,000 ಯೂರೋ ಒಳಗಿದ್ದರೆ ಮತ್ತೆ ಶೇ. 30. ಎಲ್ಲ ಸೇರಿ ಮಿತಿ ಶೇ. 70. ಕ್ರಮ ತಪ್ಪಬಾರದು: ಮೊದಲು ಇನ್‌ಸ್ಟಾಲರ್ ಜೊತೆ 'ಸಹಾಯಧನ ಮಂಜೂರಾದರೆ ಮಾತ್ರ' ಎಂಬ ಷರತ್ತಿರುವ ಒಪ್ಪಂದ, ನಂತರ ಅವರಿಂದ ಅಥವಾ ಇಂಧನ ಸಲಹೆಗಾರರಿಂದ ದೃಢೀಕರಣ ಪತ್ರ, ನಂತರ ಆನ್‌ಲೈನ್ ಅರ್ಜಿ, ಕೊನೆಗೆ ಕೆಲಸ. ಷರತ್ತಿಲ್ಲದ ಒಪ್ಪಂದಕ್ಕೆ ಸಹಿ ಹಾಕಿದವರು ಅಥವಾ ಅರ್ಜಿಗೆ ಮೊದಲೇ ಕೆಲಸ ಶುರು ಮಾಡಿದವರು ಹಣ ಕಳೆದುಕೊಳ್ಳುತ್ತಾರೆ.

ನಮ್ಮವರಲ್ಲಿ ಬಹಳಷ್ಟು ಜನ ಬಾಡಿಗೆ ಮನೆಯಲ್ಲಿದ್ದಾರೆ. ಅವರಿಗೆ ಬಾಯ್ಲರ್ ಆಯ್ಕೆ ಇಲ್ಲ, ಆದರೆ ಇಂಗಾಲದ ಬೆಲೆಯಲ್ಲಿ ಮಾಲೀಕರ ಪಾಲು ಇದೆ. 2023ರ ಜನವರಿಯಿಂದ ಇದು ಕಾನೂನು. ಉದಾಹರಣೆಗೆ 80 ಚದರ ಮೀಟರ್ ಮನೆ, ವರ್ಷಕ್ಕೆ 12,000 ಯುನಿಟ್. ಯುನಿಟ್ಟಿಗೆ ಸುಮಾರು 0.182 ಕಿಲೋ ಇಂಗಾಲದ ಡೈ ಆಕ್ಸೈಡ್ ಎಂದರೆ 2,184 ಕಿಲೋ, ಚದರ ಮೀಟರಿಗೆ 27.3. 27ರಿಂದ 32ರ ಹಂತದಲ್ಲಿ ಮಾಲೀಕರು ಶೇ. 40 ಕೊಡಬೇಕು. ಇಂಗಾಲದ ಖರ್ಚು ವ್ಯಾಟ್ ಸೇರಿ ಸುಮಾರು 143 ಯೂರೋ, ಅವರ ಪಾಲು 57. ಗ್ಯಾಸ್ ಒಪ್ಪಂದ ನಿಮ್ಮ ಹೆಸರಿನಲ್ಲೇ ಇದ್ದರೆ ಇದು ತಾನಾಗಿ ಬರುವುದಿಲ್ಲ. ಬಿಲ್ ಬಂದ 12 ತಿಂಗಳೊಳಗೆ ಲಿಖಿತವಾಗಿ ಕೇಳಬೇಕು, ಬಿಲ್ಲಿನ ಪ್ರತಿ ಲಗತ್ತಿಸಬೇಕು. ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್ ಇದ್ದು ಮಾಲೀಕರು ನೆಬೆನ್‌ಕೋಸ್ಟನ್ (ಬಾಡಿಗೆ ಜೊತೆಗಿನ ಇತರ ಖರ್ಚು) ಲೆಕ್ಕದಲ್ಲಿ ಈ ಹಂಚಿಕೆ ತೋರಿಸದಿದ್ದರೆ ನಿಮ್ಮ ಹೀಟಿಂಗ್ ಖರ್ಚಿನಲ್ಲಿ ಶೇ. 3 ಕಡಿತ ಮಾಡುವ ಹಕ್ಕಿದೆ.

ಒಪ್ಪಂದದ ವಿಷಯ. ಬೆಲೆ ಇಳಿಯುವ ಕಾಲದಲ್ಲಿ 24 ತಿಂಗಳು ಕಟ್ಟಿಹಾಕಿಕೊಳ್ಳಬೇಡಿ. 12 ತಿಂಗಳ ಖಾತರಿ ಸಾಕು. ಖಾತರಿ ಯಾವುದಕ್ಕೆ ಎಂದು ಓದಿ. ಹೆಚ್ಚಿನವು ಗ್ಯಾಸಿನ ಬೆಲೆಗೆ ಮಾತ್ರ ಅನ್ವಯ, ತೆರಿಗೆ ಮತ್ತು ಶುಲ್ಕ ಏರಿದರೆ ಬಿಲ್ ಏರುತ್ತದೆ. ಹೊಸ ಗ್ರಾಹಕರ ಬೋನಸ್ ಸೇರಿಸಿ ತೋರಿಸುವ ಮೊದಲ ವರ್ಷದ ಬೆಲೆ ನಂಬಬೇಡಿ, ಬೋನಸ್ ತೆಗೆದು ಹೋಲಿಸಿ. 2021ರ ಕೊನೆಯಲ್ಲಿ ಮುಂಗಡ ಖರೀದಿ ಮಾಡದೆ ಅಂದಂದಿನ ಬೆಲೆಯಲ್ಲಿ ಕೊಂಡು ಮಾರುತ್ತಿದ್ದ ಅಗ್ಗದ ಕಂಪನಿಗಳು ಕೈಚೆಲ್ಲಿದವು. ಅವರ ಗ್ರಾಹಕರು ರಾತ್ರೋರಾತ್ರಿ ಸ್ಥಳೀಯ ಕಂಪನಿಯ ದುಬಾರಿ ದರಕ್ಕೆ ಬಿದ್ದರು. ಗ್ರುಂಡ್‌ಫೆರ್ಜೋರ್ಗುಂಗ್‌ನಲ್ಲಿರುವವರು ಎರಡು ವಾರದ ನೋಟಿಸಿನಲ್ಲಿ ಯಾವಾಗ ಬೇಕಾದರೂ ಹೊರಬರಬಹುದು. ವರ್ಷಗಟ್ಟಲೆ ಅಲ್ಲೇ ಉಳಿದ ಕುಟುಂಬಗಳು ಇಂದೇ ಬದಲಿಸುವುದು ಒಳ್ಳೆಯದು.

ಎಣ್ಣೆಯಿಂದ ಮನೆ ಕಾಯಿಸುವವರಿಗೆ ಕೆಲವು ಮಾತು. 2025ರ ಡಿಸೆಂಬರಿನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 60 ಡಾಲರಿನ ಆಸುಪಾಸಿನಲ್ಲಿತ್ತು, ತೈಲ ರಫ್ತು ಮಾಡುವ ಒಪೆಕ್ ಪ್ಲಸ್ ಕೂಟದ ದೇಶಗಳು ಆ ವರ್ಷ ಉತ್ಪಾದನೆ ಹೆಚ್ಚಿಸಿದವು. ಆದರೂ ಹೀಟಿಂಗ್ ಎಣ್ಣೆ ಕಚ್ಚಾ ತೈಲದ ಹಿಂದೆ ಹೋಗುವುದಿಲ್ಲ, ಡೀಸೆಲ್ ಹಿಂದೆ ಹೋಗುತ್ತದೆ. ಎರಡೂ ಹೆಚ್ಚುಕಮ್ಮಿ ಒಂದೇ ಸರಕು. ರಷ್ಯಾದ ಡೀಸೆಲ್ 2023ರ ಫೆಬ್ರವರಿಯಿಂದ ಬಂದ್. 2026ರ ಜನವರಿ 21ರಿಂದ ರಷ್ಯಾದ ಕಚ್ಚಾ ತೈಲದಿಂದ ಬೇರೆ ದೇಶಗಳಲ್ಲಿ ತಯಾರಾದ ಡೀಸೆಲ್ಲಿಗೂ ಯೂರೋಪ್ ಬಾಗಿಲು ಮುಚ್ಚುತ್ತದೆ. ಭಾರತದ ಪಶ್ಚಿಮ ಕರಾವಳಿಯ ಸಂಸ್ಕರಣಾಗಾರಗಳಿಂದ ಬರುತ್ತಿದ್ದ ಸರಕಿಗೂ ಇದು ತಗಲುತ್ತದೆ. ದಕ್ಷಿಣ ಜರ್ಮನಿಯಲ್ಲಿ ಇನ್ನೊಂದು ಅಂಶ ರೈನ್ ನದಿ. ಕೌಬ್ ಎಂಬಲ್ಲಿ ನೀರಿನ ಮಟ್ಟ ಇಳಿದರೆ ಎಣ್ಣೆ ಸಾಗಿಸುವ ದೋಣಿಗಳು ಅರ್ಧ ತುಂಬಿ ಓಡಬೇಕಾಗುತ್ತದೆ, ಸಾಗಣೆ ದರ ಏರುತ್ತದೆ. 2018ರ ಅಕ್ಟೋಬರಿನಲ್ಲಿ ಅಲ್ಲಿ 25 ಸೆಂಟಿಮೀಟರ್‌ವರೆಗೆ ಇಳಿದಿತ್ತು. ಕಡಿಮೆ ನೀರು ಹೆಚ್ಚಾಗಿ ಆಗಸ್ಟ್‌ನಿಂದ ನವೆಂಬರ್ ನಡುವೆ. ಆದ್ದರಿಂದ ಟ್ಯಾಂಕ್ ತುಂಬಿಸುವುದು ಮೇ–ಜೂನ್‌ನಲ್ಲಿ. ಒಂದು ಲೀಟರ್ ಎಂದರೆ ಸುಮಾರು 10 ಯುನಿಟ್, ಅದರ ಮೇಲಿನ ಇಂಗಾಲದ ಬೆಲೆ 2025ರಲ್ಲಿ ವ್ಯಾಟ್ ಸೇರಿ ಸುಮಾರು 17 ಸೆಂಟ್.

ಕೊನೆಯದಾಗಿ, 2025ರ ಡಿಸೆಂಬರಿನಲ್ಲೇ ಆಗಬೇಕಾದ ಕೆಲಸ. 2026ರ ಜನವರಿ 1ಕ್ಕೆ ದಾಸ್ತಾನು ಶುಲ್ಕ ಹೋಗುತ್ತದೆ, ಇಂಗಾಲದ ಬೆಲೆ ಬದಲಾಗುತ್ತದೆ. ಹಳೆಯ ವರ್ಷದ ಯುನಿಟ್ಟುಗಳು ಯಾವುವು, ಹೊಸ ವರ್ಷದವು ಯಾವುವು ಎಂದು ನೀವು ಹೇಳದಿದ್ದರೆ ಕಂಪನಿ ಅಂದಾಜಿನಿಂದ ಹಂಚುತ್ತದೆ. ಡಿಸೆಂಬರ್ 31ರ ಸಂಜೆ ಮೀಟರಿನ ಫೋಟೋ ತೆಗೆಯಿರಿ, ಮೀಟರ್ ಸಂಖ್ಯೆ ಕಾಣುವಂತೆ. ಅಂದೇ ಕಂಪನಿಯ ಆಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸಿ. ಮೀಟರ್ ತೋರಿಸುವುದು ಘನ ಮೀಟರ್. ಅದನ್ನು ಬಿಲ್ಲಿನಲ್ಲಿ ಕೊಟ್ಟಿರುವ ಎರಡು ಅಂಕಿಗಳಿಂದ ಗುಣಿಸಿದರೆ ಯುನಿಟ್. 1,200 ಘನ ಮೀಟರ್ × ಒತ್ತಡ–ಉಷ್ಣತೆ ಗುಣಕ 0.95 × ಶಾಖಮೌಲ್ಯ 11.3 ಎಂದರೆ 12,882 ಯುನಿಟ್. ಮುಂದಿನ ಬಿಲ್ ಬಂದಾಗ ದಾಸ್ತಾನು ಶುಲ್ಕದ ಸಾಲು ಜನವರಿಯಿಂದ ಸೊನ್ನೆಯಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಒಪ್ಪಂದದ ಖಾತರಿಯ ಕಲಮು ಉಲ್ಲೇಖಿಸಿ ಲಿಖಿತವಾಗಿ ವಿವರಣೆ ಕೇಳಿ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಊರಿನ ಗ್ರಾಹಕ ಸಲಹಾ ಕೇಂದ್ರಕ್ಕೆ ಫೋಟೋ ಮತ್ತು ಬಿಲ್ ಎರಡನ್ನೂ ತೆಗೆದುಕೊಂಡು ಹೋಗಿ.

ಇಂತಿ,
ಜರ್ಮನಿಯ ಇಂಧನ ಕ್ಷೇತ್ರದಲ್ಲಿ ದುಡಿಯುತ್ತಿರುವ ಕೆಲವು ಕನ್ನಡಿಗರು